ಗರಿಯ ಗುಡ್ಲಿಗೂ ಮೊದಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಅನೇಕ ಮನೆಗಳಲ್ಲಿ ಹುಡುಗಿ ಮೈನೆರೆದರೆ ಸೋದರಮಾವ ತೆಂಗಿನ ಗರಿ, ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಿದ್ದ. ಹುಡುಗಿಗೆ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ. ಆಮೇಲೆ ಒಸಗೆ. ಕಾಡುಗೊಲ್ಲರ ಹುಡುಗಿಯಾದರೆ ಹಟ್ಟಿಯ ಹೊರಗೇ ಕೂರಬೇಕಿತ್ತು. ಮುಸ್ಲಿಮರ ಮನೆಗಳಲ್ಲಿ 'ಬಾಲಿಗ್ ಆದಳು' ಎನ್ನುವಾಗಲೂ ಸಾಮಾನ್ಯವಾಗಿ ಮುಟ್ಟೇ ಗುರುತು. ಜಾತಿ ಮತ ಯಾವುದೇ ಇರಲಿ, ಲೆಕ್ಕ ಶುರುವಾಗುತ್ತಿದ್ದುದು ಅಲ್ಲಿಂದ.

ಮದುವೆಯೂ ಇದೇ ಲೆಕ್ಕಕ್ಕೆ ಕಟ್ಟುಬಿದ್ದಿತ್ತು. ಬ್ರಾಹ್ಮಣರಲ್ಲಿ ಮುಟ್ಟಾಗುವ ಮೊದಲೇ ಧಾರೆ, ಮುಟ್ಟಾದ ಮೇಲೆ ಪ್ರಸ್ತ. ಬ್ರಿಟಿಷ್ ಇಂಡಿಯಾ 1891ರಲ್ಲಿ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಮೈಸೂರು ಸಂಸ್ಥಾನ 1894ರಲ್ಲಿ, ಚಾಮರಾಜ ಒಡೆಯರ್ ಮತ್ತು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮದುವೆಗೇ ಕೈಹಾಕಿತು. 8 ವರ್ಷ ತುಂಬದ ಹುಡುಗಿಗೆ ಮದುವೆ ಕೂಡದು. 50 ದಾಟಿದ ಗಂಡಸು 14 ತುಂಬದವಳನ್ನು ಕಟ್ಟಿಕೊಳ್ಳಕೂಡದು. ಸಂಸ್ಥಾನಕ್ಕೆ ಸೇರಿದ್ದ ತುಮಕೂರು ಸೀಮೆಗೂ ಇದೇ ಕಾನೂನು. ಇಂದು ಓದಿದರೆ ಎಷ್ಟು ಸಣ್ಣ ಹೆಜ್ಜೆ ಅನ್ನಿಸುತ್ತದೆ! ಆದರೂ ಮುಟ್ಟನ್ನು ಬಿಟ್ಟು ವಯಸ್ಸನ್ನು ಹಿಡಿದದ್ದು ಸಣ್ಣ ಮಾತಲ್ಲ. ಎಂಟರ ಹುಡುಗಿಯನ್ನು ಶಾಸ್ತ್ರಗಳು 'ಗೌರಿ' ಎಂದು ಕರೆದಿದ್ದವು. ಕಾಕತಾಳೀಯವೆನ್ನಿ, ಇಂದಿನ ವೈದ್ಯರು ಗೆರೆ ಎಳೆಯುವುದೂ ಎಂಟಕ್ಕೇ.

ಯಾಕೆಂದರೆ ದೇಹ ಮುಟ್ಟಿನಿಂದ ಶುರುಮಾಡುವುದಿಲ್ಲ. ಹೆಚ್ಚಿನ ಹುಡುಗಿಯರಲ್ಲಿ ಮೊದಲ ಗುರುತು ಎದೆಯಲ್ಲಿ ಸಣ್ಣ ಗಂಟಿನಂತೆ ಕಾಣುತ್ತದೆ, ಕೆಲವೊಮ್ಮೆ ಒಂದೇ ಕಡೆ. ಮುಟ್ಟು ಬರುವುದು ಎರಡು ಮೂರು ವರ್ಷದ ಮೇಲೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಲೆಕ್ಕ ಹಾಕಿದರು: 1991ರ ಸುಮಾರಿಗೆ ಎದೆಯ ಬೆಳವಣಿಗೆ ಸರಾಸರಿ 10.88 ವರ್ಷಕ್ಕೆ ಶುರುವಾಗುತ್ತಿದ್ದರೆ, 2006ರ ಹೊತ್ತಿಗೆ 9.86ಕ್ಕೆ. ಮುಟ್ಟು ಮಾತ್ರ 13.42ರಿಂದ 13.13ಕ್ಕೆ, ಅಷ್ಟೇ. ಒಸಗೆಯ ದಿನ ಹೆಚ್ಚು ಹಿಂದಕ್ಕೆ ಬಂದಿಲ್ಲ, ಅದಕ್ಕೂ ಮುಂಚಿನ ಕಾಲ ಉದ್ದವಾಗಿದೆ.

ಈ ಉದ್ದದ ಕಾಲಕ್ಕೆ ನಮ್ಮಲ್ಲಿ ಶಾಸ್ತ್ರವೂ ಇಲ್ಲ, ಸಲೀಸಾದ ಮಾತೂ ಇಲ್ಲ. ಒಂಬತ್ತರ ಮಗುವಿನಲ್ಲಿ ಗುರುತು ಕಂಡೊಡನೆ ತಾಯಿ ಗಾಬರಿ, ಅಜ್ಜಿಯ ಪಿಸುಮಾತು, ಬೀದಿಯ ಆಟ ಬಂದ್. ಬ್ರಾಯ್ಲರ್ ಕೋಳಿಯ ಮೇಲೆ ಗೂಬೆ ಕೂರಿಸಿ ಸುಮ್ಮನಾಗುವವರೂ ಇದ್ದಾರೆ. ಆದರೆ ಅಧ್ಯಯನಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವ ನಂಟು ಮೈಯ ಬೊಜ್ಜಿನದು. ಒಂಬತ್ತಕ್ಕೆ ಎದೆ ಮೂಡಿದರೆ ಅದು ಸಾಮಾನ್ಯವಾಗಿ ರೋಗವಲ್ಲ, ಅವಳು ಹೆಂಗಸಾದಳು ಎಂದೂ ಅಲ್ಲ. ಅವಳಿನ್ನೂ ನಾಲ್ಕನೇ ಕ್ಲಾಸಿನ ಹುಡುಗಿ.

ಎಂಟಕ್ಕೂ ಮೊದಲೇ ಕಂಡರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಎರಡು ವರ್ಷದೊಳಗಿನ ಕೂಸುಗಳಲ್ಲಿ ಬರೀ ಎದೆಯಷ್ಟೇ ಉಬ್ಬಿದ್ದರೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ದೊಡ್ಡ ಮಕ್ಕಳಲ್ಲಿ ಎಡಗೈಯ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ನಿಜಕ್ಕೂ ಅಕಾಲದ ಪ್ರೌಢತೆಯಾಗಿದ್ದು ಅಗತ್ಯ ಕಂಡರೆ, ತಡೆಹಿಡಿಯುವ ಇಂಜೆಕ್ಷನ್ ಇದೆ. ಸರಿಯಾದ ವಯಸ್ಸಿಗೆ ಅದನ್ನು ನಿಲ್ಲಿಸಿದರೆ ದೇಹ ಬಿಟ್ಟಲ್ಲಿಂದ ಮುಂದುವರಿಯುತ್ತದೆ.