ಅಂಗನವಾಡಿ ಕೇಂದ್ರಗಳ ನಿರ್ವಹಣೆ

ಅಂಗನವಾಡಿಯು ಆರು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಹಾಗೂ ಬಾಣಂತಿಯರಿಗಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ನಡೆಯುವ ಕೇಂದ್ರವಾಗಿದೆ. ಕರ್ನಾಟಕದಲ್ಲಿ ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧೀನದಲ್ಲಿದೆ. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸುರೇಬಾನದಂತಹ ಗ್ರಾಮಗಳಲ್ಲಿ ಶಾಲಾಪೂರ್ವ ಶಿಕ್ಷಣದ ಪ್ರಮುಖ ಸಾರ್ವಜನಿಕ ವ್ಯವಸ್ಥೆ ಅಂಗನವಾಡಿಯೇ ಆಗಿದೆ.

ಇತಿಹಾಸ
ಈ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಜಾರಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ.

ಆಡಳಿತ ರಚನೆ
ಕೇಂದ್ರದ ಮುಖ್ಯಸ್ಥೆ ಅಂಗನವಾಡಿ ಕಾರ್ಯಕರ್ತೆ. ಅಡುಗೆ, ಸ್ವಚ್ಛತೆ ಮತ್ತು ಮಕ್ಕಳನ್ನು ಕರೆತರುವ ಕೆಲಸದಲ್ಲಿ ಸಹಾಯಕಿ ನೆರವಾಗುತ್ತಾಳೆ. ಹಲವು ಕೇಂದ್ರಗಳಿಗೆ ಒಬ್ಬ ಮೇಲ್ವಿಚಾರಕಿ ಇರುತ್ತಾರೆ. ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜಿಲ್ಲಾ ಮಟ್ಟದಲ್ಲಿ ಉಪನಿರ್ದೇಶಕರು ಇರುತ್ತಾರೆ. ತಾಯಂದಿರು ಹಾಗೂ ಸ್ಥಳೀಯರನ್ನೊಳಗೊಂಡ ಬಾಲವಿಕಾಸ ಸಮಿತಿಯು ಕೇಂದ್ರದ ಕಾರ್ಯದಲ್ಲಿ ಸಮುದಾಯದ ಪಾಲ್ಗೊಳ್ಳುವಿಕೆಗೆ ಅವಕಾಶ ನೀಡುತ್ತದೆ.

ಕಾರ್ಯಕರ್ತೆಯ ಹೊಣೆಗಳು
ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ, ಆಸ್ಪತ್ರೆಗೆ ಶಿಫಾರಸು ಎಂಬ ಆರು ಸೇವೆಗಳು ಅಂಗನವಾಡಿಗೆ ಸೇರಿವೆ. ಚುಚ್ಚುಮದ್ದು ಮತ್ತು ತಪಾಸಣೆಯನ್ನು ಆರೋಗ್ಯ ಇಲಾಖೆಯ ಸಿಬ್ಬಂದಿ ನಡೆಸುತ್ತಾರೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಹಾಡು, ಕಥೆಗಳ ಮೂಲಕ ಕಲಿಸುವುದು, ಮಕ್ಕಳ ತೂಕ ದಾಖಲಿಸುವುದು, ಆಹಾರ ದಾಸ್ತಾನು ಕಾಯುವುದು, ಮನೆಭೇಟಿ ನಡೆಸುವುದು ಕಾರ್ಯಕರ್ತೆಯ ನಿತ್ಯದ ಕೆಲಸ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಾಹಿತಿ ತುಂಬುವ ಹೊಣೆಯೂ ಅವಳದೇ.

ಸೇವಾ ಸ್ಥಾನಮಾನ
ಇಷ್ಟೆಲ್ಲ ಹೊಣೆಗಳಿದ್ದರೂ ಕಾರ್ಯಕರ್ತೆಯು ವೇತನಶ್ರೇಣಿಯ ನೌಕರಳಲ್ಲ. ಗೌರವಧನ ಪಡೆಯುವ ಗೌರವ ಕಾರ್ಯಕರ್ತೆ. ಕಾರ್ಯಕರ್ತೆಯರು ಹಾಗೂ ಸಹಾಯಕಿಯರು ಉಪಧನ ಪಾವತಿ ಕಾಯ್ದೆ, 1972ರ ವ್ಯಾಪ್ತಿಗೆ ಬರುತ್ತಾರೆ ಎಂದು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು.