ಬಾಣಲೆ ಹಿಡಿದು ಊರೂರು ತಿರುಗಿದ ಟೇಬಲ್ ಟೆನ್ನಿಸ್

ಟೇಬಲ್ ಟೆನ್ನಿಸ್ ಅಂದಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಕಾಲೇಜಿನ ಒಂದು ಕೋಣೆ, ತಾಲ್ಲೂಕು ಕೇಂದ್ರದ ಕ್ಲಬ್ಬು, ಇಲ್ಲವೇ ನಾಲ್ಕು ವರ್ಷಕ್ಕೊಮ್ಮೆ ಟಿವಿಯಲ್ಲಿ ಬರುವ ಒಲಿಂಪಿಕ್ಸ್. ಬಾಗಿಲು ಹಾಕಿಕೊಂಡು ಆಡುವ ಆಟ ಅದು. ಗಾಳಿಗೆ ಚೆಂಡು ಹಾರಿಹೋಗುತ್ತದೆ ಅಂತ ಕಿಟಕಿಯನ್ನೂ ಮುಚ್ಚಿರುತ್ತಾರೆ. ಒಳಗೆ ಟಕ್ ಟಕ್ ಸದ್ದು, ಹೊರಗೆ ನಿಂತವನಿಗೆ ಏನೂ ಕಾಣಿಸದು.

ಇದೇ ಆಟವನ್ನು ಹಗಲುವೇಷದವರ ಹಾಗೆ ಊರಿಂದ ಊರಿಗೆ ಹೊತ್ತುಕೊಂಡು ಹೋಗಿ, ಜನರನ್ನು ನಗಿಸಿ, ಅದರಿಂದಲೇ ಹೊಟ್ಟೆ ಹೊರೆದವರು ಇದ್ದರು ಅಂದರೆ ನಂಬುತ್ತೀರಾ? ಒಬ್ಬ ಬಾಣಲೆಯಲ್ಲಿ ಚೆಂಡು ಹೊಡೆದ. ಇನ್ನೊಂದು ಗುಂಪು ಎರಡು ದೊಡ್ಡ ದೇಶಗಳ ಜಗಳದ ನಡುವೆ ಆಡಿತು. ಕೊನೆಗೆ ಲಂಡನ್ನಿನಲ್ಲಿ ಆಟಗಾರರ ಬದಲು ಟೇಬಲ್‌ಗಳೇ ಬೀದಿಗೆ ಬಂದವು. ಈ ಕಥೆಯನ್ನು ಇವತ್ತು ಹೇಳುತ್ತಿದ್ದೇವೆ. ಇದು ಪದಕ ಗೆದ್ದವರ ಕಥೆಗಿಂತ ಹೆಚ್ಚಾಗಿ, ಆಟವನ್ನು ಜನ ಇರುವಲ್ಲಿಗೆ ಒಯ್ದವರ ಕಥೆ.

ಊಟದ ಮೇಜಿನ ಆಟ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಇದು ಹುಟ್ಟಿತು. ರಾತ್ರಿ ಊಟ ಮುಗಿದ ಮೇಲೆ ಅದೇ ಮೇಜಿನ ಮೇಲೆ ಟೆನ್ನಿಸ್ ಆಡುವ ಹವ್ಯಾಸ. 1900ರ ಸುಮಾರಿಗೆ ಸೆಲ್ಯುಲಾಯ್ಡ್ ಚೆಂಡು ಬಂತು. ಹಗುರ, ಪುಟಿತ ಚೆನ್ನಾಗಿತ್ತು, ಸದ್ದೂ ಮಾಡುತ್ತಿತ್ತು. ಆ ಸದ್ದಿನಿಂದಲೇ ‘ಪಿಂಗ್ ಪಾಂಗ್’ ಅನ್ನುವ ಹೆಸರು. ಲಂಡನ್ನಿನ ಜಾಕ್ಸ್ ಕಂಪನಿ 1901ರಲ್ಲಿ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಹಾಗಾಗಿ ಉಳಿದವರು ‘ಟೇಬಲ್ ಟೆನ್ನಿಸ್’ ಅನ್ನಬೇಕಾಯಿತು.

1926ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದರು. ಅದರ ಮೊದಲ ಸದಸ್ಯರಲ್ಲಿ ಭಾರತವೂ ಒಂದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆಟಕ್ಕೆ ನಿಯಮ ಬಂತು, ಮರ್ಯಾದೆ ಬಂತು. ಜೊತೆಗೆ ಒಂದು ತೊಂದರೆಯೂ ಬಂತು. ನೋಡುವವರಿಗೆ ಬೇಸರವಾಗತೊಡಗಿತು.

1936ರಲ್ಲಿ ಪ್ರಾಗ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೋಲೆಂಡಿನ ಎರ್ಲಿಖ್, ರೊಮೇನಿಯಾದ ಪಾನೆತ್ ಎದುರುಬದುರಾದರು. ಮೊದಲ ಒಂದೇ ಒಂದು ಪಾಯಿಂಟ್ ಮುಗಿಯಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಇಬ್ಬರೂ ತಪ್ಪು ಮಾಡುವುದಿಲ್ಲ, ಇಬ್ಬರೂ ಜೋರಾಗಿ ಹೊಡೆಯುವುದಿಲ್ಲ, ಚೆಂಡು ಮಾತ್ರ ಅತ್ತಿಂದಿತ್ತ. ಇಂಥ ಆಟಕ್ಕೆ ದುಡ್ಡು ಕೊಟ್ಟು ಯಾರು ಬರುತ್ತಾರೆ? ಮುಂದೆ ನೆಟ್‌ನ ಎತ್ತರ ತಗ್ಗಿಸಿದರು, ಸಮಯದ ಮಿತಿ ತಂದರು.

ಅದೇ ಕಾಲದಲ್ಲಿ ಇನ್ನೊಂದು ದಾರಿ ಹಿಡಿದವರೂ ಇದ್ದರು. ಹಂಗೆರಿಯ ವಿಕ್ಟರ್ ಬಾರ್ನಾ ಐದು ಸಲ ಸಿಂಗಲ್ಸ್ ವಿಶ್ವ ಚಾಂಪಿಯನ್. ಆತ ದೇಶ ದೇಶ ಸುತ್ತಿ ಪ್ರದರ್ಶನದ ಆಟ ಆಡಿದ. ಅದೇ ನಾಡಿನ ಲಾಸ್ಲೋ ಬೆಲ್ಲಾಕ್ ನಗಿಸುವ ಆಟಕ್ಕೇ ಹೆಸರಾದ. ಟೇಬಲ್‌ನಿಂದ ದೂರ ದೂರ ಹೋಗಿ ಚೆಂಡನ್ನು ಆಕಾಶಕ್ಕೆ ಎತ್ತುವುದು, ಬಿದ್ದಂತೆ ಮಾಡಿ ಎದ್ದು ಹೊಡೆಯುವುದು, ಇವೆಲ್ಲ ಪ್ರದರ್ಶನದ ವರಸೆಗಳು. ನಿಯಮ ತಿಳಿಯದವನೂ ನಿಂತು ನೋಡುವ ಆಟ ಅದು.

ಬಾಣಲೆಯ ಸಂಗೀತ

ಈ ದಾರಿಯಲ್ಲಿ ಬಹಳ ದೂರ ಹೋದವನು ನ್ಯೂಯಾರ್ಕಿನ ಮಾರ್ಟಿ ರೀಸ್‌ಮನ್. ಹುಟ್ಟಿದ್ದು 1930ರಲ್ಲಿ. ಒಂಬತ್ತನೇ ವಯಸ್ಸಿನಲ್ಲಿ ಮನಸ್ಸಿನ ಕಾಯಿಲೆಯಾಗಿ ಆಸ್ಪತ್ರೆ ಸೇರಿದ್ದ ಹುಡುಗ. ಮನಸ್ಸಿಗೆ ನೆಮ್ಮದಿ ಕೊಟ್ಟಿದ್ದು ಈ ಆಟ. ಬೆಳೆದಂತೆ ಪಣ ಕಟ್ಟಿ ಆಡಿ ದುಡಿಯುವುದನ್ನೂ ಕಲಿತ. 1949ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಆದರೆ ಆ ಕಾಲದಲ್ಲಿ ಟ್ರೋಫಿಯಿಂದ ಹೊಟ್ಟೆ ತುಂಬುತ್ತಿರಲಿಲ್ಲ.

ಆಗ ಕೈಹಿಡಿದದ್ದು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡ. ಆ ತಂಡದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಬೇಕು. ಆಟಗಾರರೆಲ್ಲ ಕಪ್ಪು ಜನಾಂಗದವರು. ದೊಡ್ಡ ಲೀಗಿನ ಬಾಗಿಲು ಅವರಿಗೆ ಮುಚ್ಚಿತ್ತು. ಹಾಗಾಗಿ ಊರೂರು ತಿರುಗಿ, ಆಟದ ಜೊತೆಗೆ ತಮಾಷೆ ಸೇರಿಸಿ ಜನರನ್ನು ಸೆಳೆದರು. ತಮಾಷೆಯವರು ಅಂತ ಹಗುರವಾಗಿ ಕಂಡವರಿಗೆ 1948ರಲ್ಲಿ ಉತ್ತರ ಸಿಕ್ಕಿತು. ಅಂದಿನ ಬಲಿಷ್ಠ ತಂಡವಾದ ಮಿನ್ನಿಯಾಪೊಲಿಸ್ ಲೇಕರ್ಸ್ ಅನ್ನು ಅವರು 61–59ರಿಂದ ಸೋಲಿಸಿದರು. ಎರಡು ವರ್ಷ ಕಳೆದು ಎನ್‌ಬಿಎ ಲೀಗಿನ ಬಾಗಿಲು ತೆರೆದಾಗ, ಒಳಗೆ ಹೋದವರಲ್ಲಿ ಇವರ ಆಟಗಾರನೊಬ್ಬನೂ ಇದ್ದ.

ಈ ತಂಡದ ಜೊತೆ ರೀಸ್‌ಮನ್ ಮತ್ತು ಅವನ ಗೆಳೆಯ ಡಗ್ ಕಾರ್ಟ್‌ಲ್ಯಾಂಡ್ 1949ರಿಂದ 1951ರವರೆಗೆ ತಿರುಗಿದರು. ಬ್ಯಾಸ್ಕೆಟ್‌ಬಾಲ್ ಮಧ್ಯಂತರದಲ್ಲಿ ಇವರ ಟೇಬಲ್ ಅಂಕಣಕ್ಕೆ ಬರುತ್ತಿತ್ತು. ಬ್ಯಾಟಿನ ಜಾಗದಲ್ಲಿ ಬಾಣಲೆ. ಬಾಣಲೆಗೆ ಚೆಂಡು ಬಡಿದ ಸದ್ದಿನಲ್ಲೇ ಮಕ್ಕಳ ಹಾಡೊಂದರ ರಾಗ ಹೊರಡಿಸುತ್ತಿದ್ದರು. ಷೂ ಕೈಗೆ ತೆಗೆದುಕೊಂಡು ಅಟ್ಟೆಯಿಂದ ಹೊಡೆಯುತ್ತಿದ್ದರು. ಒಂದೇ ಸಲ ಐದು ಚೆಂಡು ಆಡಿಸುತ್ತಿದ್ದರು. ಟೇಬಲ್ ಮೇಲೆ ನಿಲ್ಲಿಸಿದ ಸಿಗರೇಟನ್ನು ಒಂದೇ ಹೊಡೆತಕ್ಕೆ ಎರಡು ತುಂಡು ಮಾಡುವುದು ರೀಸ್‌ಮನ್ನನ ಹೆಸರಾದ ವಿದ್ಯೆ.

ಇದು ಬರೀ ಕೋಡಂಗಿಯಾಟ ಅಂತ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಚೆಂಡಿನ ತೂಕ ಮೂರು ಗ್ರಾಂ ಕೂಡ ಇಲ್ಲ. ಕಬ್ಬಿಣದ ಬಾಣಲೆಗೆ ಬ್ಯಾಟಿನ ಹಿಡಿತವಿಲ್ಲ, ಚೆಂಡು ಎತ್ತ ಬೇಕಾದರೂ ಸಿಡಿಯುತ್ತದೆ. ಅದನ್ನು ತಾಳಕ್ಕೆ ಸರಿಯಾಗಿ ವಾಪಸು ಕಳಿಸಬೇಕಾದರೆ ಕೈ ಎಷ್ಟು ಪಳಗಿರಬೇಕು! ನಮ್ಮ ಬಯಲಾಟದ ಹಾಸ್ಯಗಾರನ ಲೆಕ್ಕವೇ ಇದು. ಎಡವಿದಂತೆ ನಟಿಸುವವನಿಗೆ ಎಡವದೆ ಕುಣಿಯುವುದು ಮೊದಲು ಗೊತ್ತಿರಬೇಕು.

ಬೊಂಬಾಯಿಯಲ್ಲಿ ಸದ್ದು ನಿಂತಿತು

1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಏಷ್ಯಾಕ್ಕೆ ಮೊದಲ ಸಲ ಬಂತು, ಅದೂ ನಮ್ಮ ಬೊಂಬಾಯಿಗೆ. ರೀಸ್‌ಮನ್ ಗೆಲ್ಲುತ್ತಾನೆ ಅಂತ ಬಹಳ ಜನ ನಂಬಿದ್ದರು. ಆದರೆ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ತಂದಿದ್ದ. ಚೆಂಡು ಅದರಲ್ಲಿ ಹೂತು ಹೊರಬರುತ್ತಿತ್ತು, ಸದ್ದೇ ಇಲ್ಲ. ಸದ್ದು ಕೇಳಿ ಎದುರಾಳಿಯ ಹೊಡೆತ ಅಳೆಯುತ್ತಿದ್ದವರಿಗೆ ಕಿವಿ ಕಟ್ಟಿದಂತಾಯಿತು. ರೀಸ್‌ಮನ್ ಸೋತ, ಸಾಟೊ ಚಾಂಪಿಯನ್ ಆದ.

ಅಲ್ಲಿಂದ ಆಟ ಬದಲಾಯಿತು. ವೇಗ ಹೆಚ್ಚಿತು, ತಿರುಗು ಚೆಂಡು ಹೆಚ್ಚಿತು, ಪಾಯಿಂಟ್‌ಗಳು ಬೇಗ ಮುಗಿಯತೊಡಗಿದವು. ಚೆಂಡು ಯಾಕೆ ಹಾಗೆ ತಿರುಗಿತು ಅನ್ನುವುದು ಆಡುವವನಿಗೆ ಗೊತ್ತು, ಸುಮ್ಮನೆ ನೋಡುವವನಿಗೆ ತಿಳಿಯದು. 1959ರಲ್ಲಿ ಸ್ಪಂಜಿನ ದಪ್ಪಕ್ಕೆ ನಿಯಮ ಬಂದರೂ ಹಳೆಯ ಆಟ ಮರಳಲಿಲ್ಲ. ರೀಸ್‌ಮನ್ ಮಾತ್ರ ಹಳೆಯ ಬ್ಯಾಟು ಬಿಡಲಿಲ್ಲ. 1997ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಹಳೆಯ ಬ್ಯಾಟಿನ ಆಟಕ್ಕೇ ಮೀಸಲಾದ ಅಮೆರಿಕದ ರಾಷ್ಟ್ರೀಯ ಪಂದ್ಯ ಗೆದ್ದ. 2012ರಲ್ಲಿ ತೀರಿಕೊಂಡ.

ಗೆಳೆತನ ಮೊದಲು

ಅತಿ ಹೆಸರಾದ ತಿರುಗಾಟ ಇನ್ನು ಮುಂದಿದೆ. 1971ರ ಏಪ್ರಿಲ್, ಜಪಾನಿನ ನಗೋಯಾ. ಅಮೆರಿಕ ಮತ್ತು ಚೀನಾ ನಡುವೆ ಇಪ್ಪತ್ತು ವರ್ಷಗಳಿಂದ ಮಾತುಕತೆ ಇರಲಿಲ್ಲ ಅನ್ನಬಹುದು. ಅಮೆರಿಕದ ಗ್ಲೆನ್ ಕೋವನ್ ಚೀನೀ ತಂಡದ ಬಸ್ಸು ಹತ್ತಿಬಿಟ್ಟ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದ ಝುವಾಂಗ್ ಝೆಡೊಂಗ್ ಹಿಂದಿನ ಸೀಟಿನಿಂದ ಎದ್ದು ಬಂದು, ಕೈಕುಲುಕಿ, ಬೆಟ್ಟಗಳ ಚಿತ್ರವಿದ್ದ ರೇಷ್ಮೆ ಬಟ್ಟೆಯೊಂದನ್ನು ಉಡುಗೊರೆ ಕೊಟ್ಟ. ಕೆಲವೇ ದಿನದಲ್ಲಿ ಅಮೆರಿಕದ ತಂಡಕ್ಕೆ ಚೀನಾದಿಂದ ಕರೆ ಬಂತು.

ಬೀಜಿಂಗ್‌ನಲ್ಲಿ 18,000 ಜನರ ಮುಂದೆ ಆಟ ನಡೆಯಿತು. ‘ಗೆಳೆತನ ಮೊದಲು, ಸ್ಪರ್ಧೆ ಆಮೇಲೆ’ ಅನ್ನುವುದು ಅಲ್ಲಿನ ಘೋಷಣೆ. ಬಹಳ ಮುಂದಿದ್ದ ಚೀನೀಯರು ಅತಿಥಿಗಳಿಗೆ ಕೆಲವು ಪಂದ್ಯ ಬಿಟ್ಟುಕೊಟ್ಟರು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದ. ಅದೇ ಏಪ್ರಿಲ್‌ನಲ್ಲಿ ಝುವಾಂಗ್ ನಾಯಕತ್ವದ ತಂಡ ಅಮೆರಿಕಕ್ಕೆ ಬಂದು, ಡೆಟ್ರಾಯಿಟ್‌ನಿಂದ ಶುರುಮಾಡಿ ಎರಡು ವಾರಕ್ಕೂ ಹೆಚ್ಚು ಕಾಲ ನಗರದಿಂದ ನಗರಕ್ಕೆ ಆಡುತ್ತಾ ಹೋಯಿತು.

ಈ ನಗುವಿನ ಹಿಂದಿನ ನೋವನ್ನೂ ಹೇಳದೆ ಬಿಡಬಾರದು. ಚೀನಾಕ್ಕೆ ಯಾವುದೇ ಆಟದಲ್ಲಿ ಮೊದಲ ವಿಶ್ವ ಪ್ರಶಸ್ತಿ ತಂದವನು ರೋಂಗ್ ಗುವೊತುವಾನ್, 1959ರಲ್ಲಿ. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಅವನಿಗೂ ಅವನ ಇಬ್ಬರು ಹಿರಿಯ ಜೊತೆಗಾರರಿಗೂ ಗೂಢಚಾರರೆಂಬ ಹಣೆಪಟ್ಟಿ ಹಚ್ಚಿದರು. 1968ರಲ್ಲಿ ಮೂವರೂ ಪ್ರಾಣ ಕಳೆದುಕೊಂಡರು. ಚೀನಾ 1967 ಮತ್ತು 1969ರ ವಿಶ್ವ ಪಂದ್ಯಗಳಿಗೇ ಹೋಗಲಿಲ್ಲ. ಬಸ್ಸಿನಲ್ಲಿ ಎದ್ದು ಬಂದು ಕೈಕುಲುಕುವುದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅನ್ನುವುದು ಇದರಿಂದ ತಿಳಿಯುತ್ತದೆ.

ಟೇಬಲ್ ಬೀದಿಗೆ ಬಂದಾಗ

2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಮುಗಿದಾಗ ಲಂಡನ್ನಿನ ಆಗಿನ ಮೇಯರ್ ಬೋರಿಸ್ ಜಾನ್ಸನ್, ಈ ಆಟ ಹುಟ್ಟಿದ್ದು ಇಂಗ್ಲೆಂಡಿನ ಊಟದ ಮೇಜಿನ ಮೇಲೆ, ಈಗ ಅದು ಮನೆಗೆ ಬರುತ್ತಿದೆ ಅಂತ ತಮಾಷೆ ಮಾಡಿದ. ಎರಡು ವರ್ಷದ ನಂತರ ಅದು ನಿಜಕ್ಕೂ ಬೀದಿಗೇ ಬಂತು. 2010ರ ಬೇಸಿಗೆಯಲ್ಲಿ ‘ಪಿಂಗ್!’ ಎಂಬ ಹೆಸರಿನಲ್ಲಿ ಲಂಡನ್ನಿನ ತುಂಬ ಸುಮಾರು 100 ಟೇಬಲ್ ಹಾಕಿದರು. ಇದರ ಹಿಂದೆ ಇದ್ದದ್ದು ಸಿಂಗ್ ಲಂಡನ್ ಎಂಬ ಕಲಾ ಸಂಸ್ಥೆ. ಅದಕ್ಕೂ ಹಿಂದಿನ ವರ್ಷ ಅವರು ಯಾರು ಬೇಕಾದರೂ ನುಡಿಸಲಿ ಅಂತ ಬೀದಿಗಳಲ್ಲಿ ಪಿಯಾನೊ ಇಟ್ಟಿದ್ದರು. ಟೇಬಲ್ ಜೊತೆ ಬ್ಯಾಟು, ಚೆಂಡು ಪುಕ್ಕಟೆ. ಅನುಮತಿ ಬೇಡ, ಶುಲ್ಕವಿಲ್ಲ. ಮುಂದಿನ ವರ್ಷಗಳಲ್ಲಿ ಇದು ಬರ್ಮಿಂಗ್‌ಹ್ಯಾಮ್ ಮುಂತಾದ ನಗರಗಳಿಗೂ ಹೋಯಿತು.

ಒಂದು ವ್ಯತ್ಯಾಸ ಗಮನಿಸಿ. ರೀಸ್‌ಮನ್ ಬಂದಾಗ ಜನ ಸುತ್ತ ಕೂತು ನೋಡಿದರು. ಇಲ್ಲಿ ನೋಡಲು ನಿಂತವನೇ ಬ್ಯಾಟು ಎತ್ತಿಕೊಂಡ. ಗುರುತಿಲ್ಲದ ಇಬ್ಬರು ಟೇಬಲ್‌ನ ಎರಡು ತುದಿಗೆ ನಿಂತರೆ ಸಾಕು, ಅದೇ ಪ್ರದರ್ಶನ.

ಜರ್ಮನಿಯ ಪಾರ್ಕುಗಳಲ್ಲಿ ಇದು ಹಳೆಯ ಮಾತು. ಅಲ್ಲಿ ಕಾಂಕ್ರೀಟಿನ ಟೇಬಲ್, ಲೋಹದ ತಗಡಿನ ನೆಟ್, ಮಳೆಬಿಸಿಲಿಗೆ ಹಾಗೇ ನಿಂತಿರುತ್ತವೆ. ಮಕ್ಕಳು ‘ರುಂಡ್‌ಲೌಫ್’ ಅಂತ ಒಂದು ಆಟ ಆಡುತ್ತಾರೆ. ಹತ್ತು ಜನ ಒಂದೇ ಟೇಬಲ್ ಸುತ್ತ ಓಡುತ್ತಾ ಸರದಿಯಲ್ಲಿ ಒಂದೊಂದು ಹೊಡೆತ ಹೊಡೆಯುವುದು, ತಪ್ಪಿದವನು ಔಟ್. ಚೀನಾದ ಶಾಲೆಗಳಲ್ಲೂ ಸಿಮೆಂಟ್ ಟೇಬಲ್, ಇಟ್ಟಿಗೆ ಸಾಲಿನ ನೆಟ್ ಮೇಲೆ ಆಡಿದ ಮಕ್ಕಳಿಗೆ ಲೆಕ್ಕವಿಲ್ಲ. ಒಲಿಂಪಿಕ್ಸ್‌ಗೆ ಈ ಆಟ ಸೇರಿದ್ದು 1988ರಲ್ಲಿ. ಅಂದಿನಿಂದ 2024ರವರೆಗಿನ 42 ಚಿನ್ನದ ಪದಕಗಳಲ್ಲಿ 37 ಚೀನಾದವು. ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಬಾಣಲೆಯಾಟವನ್ನೂ, 1972ರ ಚೀನೀ ತಂಡವನ್ನೂ ನೋಡಿ ಚಪ್ಪಾಳೆ ತಟ್ಟಿದ ಅಮೆರಿಕಕ್ಕೆ ಒಂದೂ ಪದಕ ಬಂದಿಲ್ಲ. ಚೀನಾ ಸರ್ಕಾರ ಸುರಿದ ಹಣ, ಕೊಟ್ಟ ತರಬೇತಿ ಇದಕ್ಕೆ ದೊಡ್ಡ ಕಾರಣ, ನಿಜ. ಆದರೆ ಪ್ರದರ್ಶನ ಮುಗಿದ ಮೇಲೆ ಟೇಬಲ್ ಅಲ್ಲೇ ಉಳಿಯಿತೋ ಇಲ್ಲವೋ ಅನ್ನುವುದೂ ಒಂದು ಕಾರಣ ಅಂತ ನಾವು ಅಂದುಕೊಂಡಿದ್ದೇವೆ.

ಬೀಗದ ಕೈ ಯಾರ ಹತ್ತಿರ?

ಸುದ್ದಿಗೆ ತಿರುಗುವಾಗ ನಮಗೆ ಟೇಬಲ್ ಟೆನ್ನಿಸ್ ಟೇಬಲ್‌ಗಳು ಕಾಣಿಸುತ್ತವೆ. ಕೆಲವು ಕಡೆ ಅದರ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟು, ಕೆಲವು ಕಡೆ ಮಡಚಿ ಗೋಡೆಗೆ ಒರಗಿಸಿದ್ದು. ಕೋಣೆಗೆ ಬೀಗ, ಬೀಗದ ಕೈ ಯಾರದೋ ಜೇಬಿನಲ್ಲಿ. ಬ್ಯಾಟು ಹಾಳಾಗುತ್ತದೆ, ಚೆಂಡು ಕಳೆಯುತ್ತದೆ ಅನ್ನುವುದು ಸಿಗುವ ಉತ್ತರ. ಆಡದೆ ಇಟ್ಟ ಟೇಬಲ್‌ಗೆ ಗೆದ್ದಲು ಹಿಡಿಯುವುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಟೇಬಲ್‌ನ ಅಳತೆ ಬರೆದಿಟ್ಟುಕೊಳ್ಳಿ. ಉದ್ದ ಒಂಬತ್ತು ಅಡಿ, ಅಗಲ ಐದು ಅಡಿ, ಎತ್ತರ ಎರಡೂವರೆ ಅಡಿ, ನೆಟ್ ಆರು ಇಂಚು. ಶಾಲೆಯ ಅಂಗಳದ ಮರದ ನೆರಳಿನಲ್ಲಿ, ಇಲ್ಲವೇ ಗ್ರಾಮ ಪಂಚಾಯಿತಿ ಕಟ್ಟಡದ ಪಕ್ಕದಲ್ಲಿ ಊರಿನ ಗಾರೆ ಮೇಸ್ತ್ರಿಯೇ ಕಟ್ಟಬಹುದು. ಮೇಲ್ಮೈ ಮಟ್ಟವಾಗಿ, ನುಣ್ಣಗೆ ಇರಬೇಕು, ಅಷ್ಟೇ. ಗಾಳಿಗೆ ಚೆಂಡು ಓಡುತ್ತದೆ, ಹೌದು. ಗಾಳಿ ನಿಂತ ಹೊತ್ತಿನಲ್ಲಿ ಆಡುವುದು. ಜರ್ಮನಿಯಲ್ಲೂ ಗಾಳಿ ಬೀಸುತ್ತದೆ. ಇಬ್ಬರಿಗಷ್ಟೇ ಆಟ ಅಂತ ತಕರಾರು ಬಂದರೆ, ಹತ್ತು ಮಕ್ಕಳು ಸುತ್ತ ಓಡುವ ಆಟ ಮೇಲೆಯೇ ಹೇಳಿದ್ದೇವೆ.

ಮುಂದಿನ ಗ್ರಾಮಸಭೆಯಲ್ಲಿ ಆಟದ ಸಾಮಾನಿನ ಮಾತು ಬಂದಾಗ ಎರಡು ಪ್ರಶ್ನೆ ಕೇಳಿ. ಟೇಬಲ್ ಎಲ್ಲಿದೆ? ಅದರ ಬೀಗದ ಕೈ ಯಾರ ಹತ್ತಿರ ಇದೆ?