ಪರದೇಶವಾಸಿಗಳ ಮನೆವಾರ್ತೆ

ಪರದೇಶಕ್ಕೆ ಹೋಗಿ ನೆಲಸಿದವರ ಚರಿತ್ರೆಯನ್ನು ನಾವು ಯುದ್ಧ, ಕೌಲು, ವ್ಯಾಪಾರಗಳ ಮೂಲಕವೇ ಓದುವುದು ವಾಡಿಕೆ. ಅವರ ಪುಸ್ತಕಗಳನ್ನು ತಿಂದ ಗೆದ್ದಲಿಗೂ ಪೆಟ್ಟಿಗೆಯನ್ನು ಹೊಕ್ಕ ಇಲಿಗೂ ಆ ಗ್ರಂಥಗಳಲ್ಲಿ ಎಡೆಯಿಲ್ಲ. ಆದರೆ ಒಂದು ದೇಶದ ನೆಲವೂ ಹವೆಯೂ ಹೊಸಬನಿಗೆ ಮೊದಲ ಪಾಠವನ್ನು ಹೇಳುವುದು ಅವನ ಮನೆಯೊಳಗೇ.

ನಮ್ಮ ಬೆಂಗಳೂರು ಉಷ್ಣವಲಯದಲ್ಲಿದ್ದರೂ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಮದರಾಸಿನ ಧಗೆಯನ್ನು ಅರಿಯದು. 1809ರಲ್ಲಿ ಇಲ್ಲಿ ದಂಡು ನೆಲಸಿದ ಮೇಲೆ ಆಂಗ್ಲರು ಇದನ್ನು ತಮ್ಮ ಸೀಮೆಯಂತೆಯೇ ಬಗೆದು ಬಂಗಲೆಗಳನ್ನೂ ಗುಲಾಬಿ ತೋಟಗಳನ್ನೂ ಮಾಡಿಕೊಂಡರು. ಇನ್ನೂ ತಂಪು ಬೇಕೆಂದವರಿಗೆ ನಂದಿದುರ್ಗವಿತ್ತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಬೆಟ್ಟದ ಮೇಲೆಯೇ ಮನೆ ಕಟ್ಟಿಸಿಕೊಂಡರು. ಆದರೆ ಹಿತವಾದ ಹವೆಯನ್ನು ಬಯಸುವವನು ಮನುಷ್ಯನೊಬ್ಬನೇ ಅಲ್ಲ. ಇರುವೆಗಳಿಗೆ ಹೆದರಿ ಮೇಜುಗಳ ಕಾಲನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಬೇಕಾಯಿತು. ಚೇಳಿಗೆ ಹೆದರಿ ಜೋಡನ್ನು ಕೊಡವಿ ತೊಡಬೇಕಾಯಿತು.

1896ರ ಅಕ್ಟೋಬರಿನಲ್ಲಿ ಇಲ್ಲಿಗೆ ಬಂದ ಅಶ್ವದಳದ ಯುವಕ ವಿನ್‌ಸ್ಟನ್ ಚರ್ಚಿಲ್ಲರಿಗೂ ಈ ಪಾಠ ತಪ್ಪಲಿಲ್ಲ. ಇಬ್ಬರು ಗೆಳೆಯರೊಡನೆ ವಿಶಾಲವಾದ ಬಂಗಲೆಯಲ್ಲಿದ್ದು, ತೋಟದ ಚಿಟ್ಟೆಗಳನ್ನು ಹಿಡಿದು ಅವರು 60ಕ್ಕೂ ಮೀರಿದ ಬಗೆಗಳನ್ನು ಕೂಡಿಟ್ಟಿದ್ದರು. ಒಂದು ಇಲಿ ಪೆಟ್ಟಿಗೆಗೆ ನುಗ್ಗಿ ಎಲ್ಲವನ್ನೂ ತಿಂದುಹಾಕಿತು. ಚರ್ಚಿಲ್ಲರು ಇಲಿಯನ್ನು ಹಿಡಿದು, ತಮ್ಮ ಹೆಸರನ್ನೇ ಹೊತ್ತಿದ್ದ ನಾಯಿಯಿಂದ ಕೊಲ್ಲಿಸಿ, ಸಂಗ್ರಹವನ್ನು ಮತ್ತೆ ಮೊದಲಿನಿಂದ ಆರಂಭಿಸಿದರು.

ಮನೆಯಲ್ಲಿ ಕೆಟ್ಟುದಕ್ಕೆಲ್ಲ ಆಳುಗಳನ್ನು ಹಳಿಯುವುದು ಆ ಕಾಲದ ದೊರೆಗಳಿಗೂ ದೊರೆಸಾನಿಯರಿಗೂ ಸುಲಭವಾಗಿತ್ತು. ಆದರೆ ಅವರಲ್ಲಿಯೇ ವಿವೇಕಿಗಳಿದ್ದರು. ಮದರಾಸಿನ ಸೇನಾಧಿಕಾರಿ ಕೆನ್ನಿ ಹರ್ಬರ್ಟರು 1878ರಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ, ಮನೆಯಿಂದ ದೂರದಲ್ಲಿದ್ದ ಕೊಳಕು ಅಡಿಗೆಕೋಣೆಯ ದುಃಸ್ಥಿತಿಯನ್ನು ಎತ್ತಿ ತೋರಿಸಿದರು. ಬೆಳಕು, ಸಲಕರಣೆಗಳಿಲ್ಲದ ಗೂಡನ್ನು ಕೊಟ್ಟು ರುಚಿಯಾದ ಅಡಿಗೆಯನ್ನು ಕೇಳುವುದು ನ್ಯಾಯವಲ್ಲವಷ್ಟೆ?

ಇಲಿಯ ವಿಷಯವು ನಗೆಯಲ್ಲಿಯೇ ಮುಗಿಯಲಿಲ್ಲ. ಚರ್ಚಿಲ್ಲರು ಬಂದ ವರ್ಷವೇ ಬೊಂಬಾಯಿಯಲ್ಲಿ ಪ್ಲೇಗು ತಲೆದೋರಿತು. 1898ರ ಆಗಸ್ಟಿನಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ಸಾವಿರಾರು ಜನರು ಸತ್ತರು. ಉಳಿದವರು ಊರು ಬಿಟ್ಟು ಗುಡಿಸಲುಗಳನ್ನು ಸೇರಿದರು. ಇಲಿಯ ಮೈಮೇಲಣ ಚಿಗಟವೇ ಈ ರೋಗವನ್ನು ಹರಡುವುದೆಂದು ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಕಂಡುಕೊಂಡುದು ಆ ವರ್ಷವೇ. ಆದರೆ ಲೋಕವು ಅವರನ್ನು ನಂಬಲು ಕಾಲ ಹಿಡಿಯಿತು. ಇಲ್ಲಿ ಪರದೇಶಿಯೂ ಸ್ವದೇಶಿಯೂ ಸಮಾನವಾಗಿ ಅಜ್ಞರಾಗಿದ್ದರು. ಗಾಳಿ ಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೇಗನೆ ತುಂಬಿದುದು ಈ ದುಃಖದಿಂದಲೇ. ಚಿಟ್ಟೆಯ ಪೆಟ್ಟಿಗೆಯನ್ನು ಕೆಡಿಸಿದ ಪ್ರಾಣಿಯ ಕುಲವೇ ನಗರದ ಆಕಾರವನ್ನು ಬದಲಿಸಿತು.

ಹಾಗಾದರೆ ಈ ನೆಲದಲ್ಲಿ ಉಳಿಯುವುದೇನು? ಬೆಂಗಳೂರಿನ ಉತ್ತರಕ್ಕೆ, ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟವು ಇದಕ್ಕೆ ಉತ್ತರವನ್ನು ಹೇಳುತ್ತದೆ. ದೂರದ ಮಗಧದಲ್ಲಿ ಹುಟ್ಟಿದ ಬೌದ್ಧಧರ್ಮವು ಇಲ್ಲಿಗೂ ಬಂದು ನೆಲಸಿತ್ತು. 2001ರಿಂದೀಚೆಗೆ ಬೆಂಗಳೂರು ವಿಶ್ವವಿದ್ಯಾನಿಲಯದವರು ನಡೆಸಿದ ಉತ್ಖನನದಲ್ಲಿ ಇಟ್ಟಿಗೆಯ ಚೈತ್ಯ, ವಿಹಾರಗಳ ಅವಶೇಷಗಳೂ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳೂ, ಅಕ್ಷರಗಳನ್ನು ಒತ್ತಿದ ಮಣ್ಣಿನ ಬಿಲ್ಲೆಗಳೂ ದೊರೆತವು. ಸಾವಿರ ವರ್ಷಗಳಿಗೂ ಮೀರಿ ಅವನ್ನು ಇಲಿ ಕಡಿಯಲಿಲ್ಲ, ಗೆದ್ದಲು ತಿನ್ನಲಿಲ್ಲ. ಆ ಭಿಕ್ಷುಗಳ ಬಳಿ ಓಲೆಯ ಗ್ರಂಥಗಳೇನಾದರೂ ಇದ್ದಿದ್ದರೆ ಅವುಗಳ ಸುಳಿವೇ ನಮಗಿಲ್ಲ.

ನಮ್ಮ ಅಟ್ಟಗಳಲ್ಲಿ ಹಿರಿಯರ ಕಡತಗಳೂ ಓಲೆಗರಿಗಳೂ ಇವೆ. ಅವು ಮಣ್ಣಿನ ಬಿಲ್ಲೆಗಳಲ್ಲ. ಪರದೇಶಿಯ ಮನೆಯ ಅವಾಂತರಗಳನ್ನು ಕೇಳಿ ನಕ್ಕವರು ಒಮ್ಮೆ ಏಣಿ ಹತ್ತಿ ಆ ಗಂಟುಗಳನ್ನು ಬಿಚ್ಚಿ ನೋಡಿದರೆ, ನಾಡಿನ ಚರಿತ್ರೆಗೆ ಉಪಕಾರವಾದೀತು.